ಹೇಳದೆ ಉಳಿದರೆ ಸುಳ್ಳೇ? – ಒಂದು ಹಳೆಯ ಕಾರಿನ ನೆಪದಲ್ಲಿ

ಅಮೆರಿಕಕ್ಕೆ ಬಂದ ನಮ್ಮವರಲ್ಲಿ ಒಂದು ಪದ್ಧತಿ ಬೆಳೆದು ಬಂದಿದೆ. ಹೊಸದಾಗಿ ಬಂದವರಿಗೆ ಮೊದಲ ಕಾರು ಸಿಗುವುದು ಎಷ್ಟೋ ಸಲ ಡೀಲರ್ ಹತ್ತಿರ ಅಲ್ಲ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ! "ನೀವು ಹಳೇ ಕಾರು ಕೊಡ್ತೀರಂತೆ, ಹೌದೇನ್ರೀ?" ಎಂದು ಯಾರೋ ಕೇಳುತ್ತಾರೆ. ಪುಳಿಯೋಗರೆ ತಟ್ಟೆ ಕೈಯಲ್ಲಿ ಇರುವಾಗಲೇ ಅರ್ಧ ವ್ಯಾಪಾರ ಕುದುರಿರುತ್ತದೆ. ಹೀಗೆ ಕೈಯಿಂದ ಕೈಗೆ ದಾಟುತ್ತಾ ಒಂದೇ ಕಾರು ಮೂರು ನಾಲ್ಕು ಕನ್ನಡ ಮನೆಗಳ ಉಪ್ಪು ತಿಂದದ್ದೂ ಉಂಟು.

ಈ ವ್ಯಾಪಾರದಲ್ಲಿ ಕಾಗದಪತ್ರ ಕಡಿಮೆ, ನಂಬಿಕೆ ಜಾಸ್ತಿ. ಟೈಟಲ್ ಮೇಲೆ ಒಂದು ಸಹಿ, ಒಂದು ಚೆಕ್, ಒಂದು ಲೋಟ ಕಾಫಿ, ಅಷ್ಟೇ. ಕೊಳ್ಳುವವರು ಬಾನೆಟ್ ಎತ್ತಿ ನೋಡುವುದಿಲ್ಲ; ನೋಡಿದರೆ ಕೊಡುವವರು ಬೇಜಾರು ಮಾಡಿಕೊಂಡಾರು ಎಂಬ ಸಂಕೋಚ. ಕೊಡುವವರು ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ. ಅವರೇ ಕೇಳಲಿಲ್ಲವಲ್ಲ ಎಂಬ ಸಮಾಧಾನ. ಈ ಸಂಕೋಚಕ್ಕೂ ಈ ಸಮಾಧಾನಕ್ಕೂ ನಡುವೆ ಒಂದು ಪ್ರಶ್ನೆ ಇದೆ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನಮ್ಮ ಮೇಲಿದೆಯೇ? ಗೊತ್ತಿದ್ದೂ ಸುಮ್ಮನಿರುವುದು ಸುಳ್ಳು ಹೇಳಿದಂತೆಯೇ ಆಗುತ್ತದೆಯೇ?

ಈ ಪ್ರಶ್ನೆ ನಮ್ಮ ಮನೆಯಲ್ಲಿ ಒಂದು ಸಣ್ಣ ಬಿಡಿಭಾಗದ ರೂಪದಲ್ಲಿ ಬಂತು. ಅದರ ಹೆಸರು ಡ್ರೈವ್ ಬೆಲ್ಟ್ ಟೆನ್ಶನರ್. ಹೆಸರಿಗೆ ತಕ್ಕ ಹಾಗೆ ಟೆನ್ಶನ್ ಕೊಡುವುದೇ ಅದರ ಕೆಲಸ. ಬೆಲ್ಟಿಗೆ ಮಾತ್ರ ಅಲ್ಲ, ನಮಗೂ ಕೊಟ್ಟಿತು!

ಟೆನ್ಶನರ್ ಎಂದರೆ ಏನು?

ತರ್ಕಕ್ಕೆ ಹೋಗುವ ಮುಂಚೆ ವಸ್ತುವನ್ನು ಸ್ವಲ್ಪ ನೋಡೋಣ. ಪೆಟ್ರೋಲ್ ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಒಂದು ಪಕ್ಕದಲ್ಲಿ ಹಾವಿನ ಹಾಗೆ ಹಲವು ಗಾಲಿಗಳನ್ನು ಸುತ್ತಿಕೊಂಡ ಕಪ್ಪು ರಬ್ಬರ್ ಬೆಲ್ಟ್ ಕಾಣುತ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ ಸರ್ಪೆಂಟೈನ್ ಬೆಲ್ಟ್ ಎನ್ನುತ್ತಾರೆ. ಹಿಂದಿನ ಕಾರುಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬೆಲ್ಟ್ ಇರುತ್ತಿತ್ತು. 1970ರ ದಶಕದ ಕೊನೆಯಿಂದ ಈಚೆಗೆ ಒಂದೇ ಉದ್ದದ ಬೆಲ್ಟಿಗೆ ಎಲ್ಲ ಕೆಲಸವನ್ನೂ ವಹಿಸುವ ಪದ್ಧತಿ ಬಂತು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತಿರುಗಿದರೆ ಈ ಬೆಲ್ಟ್ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಪವರ್ ಸ್ಟೀರಿಂಗ್ ಪಂಪ್, ಬಹಳಷ್ಟು ಎಂಜಿನ್‌ಗಳಲ್ಲಿ ವಾಟರ್ ಪಂಪನ್ನೂ ತಿರುಗಿಸುತ್ತದೆ. ನಮ್ಮ ಹಳೆಯ ಅವಿಭಕ್ತ ಕುಟುಂಬಗಳಲ್ಲಿ ದೊಡ್ಡಮ್ಮ ಒಬ್ಬರೇ ಅಡುಗೆ, ಹಸು, ಬಾಣಂತನ ಎಲ್ಲವನ್ನೂ ಹೊತ್ತ ಹಾಗೆ. ಅವರು ಒಂದು ದಿನ ಮಲಗಿದರೆ ಮನೆಯೆಲ್ಲಾ ನಿಂತುಹೋಗುತ್ತಿತ್ತು, ಅಲ್ಲವೇ?

ಒಂದೇ ಬೆಲ್ಟ್ ಇಷ್ಟೆಲ್ಲ ಮಾಡಬೇಕಾದರೆ ಅದರ ಬಿಗಿ ಸರಿಯಾಗಿರಬೇಕು. ಸಡಿಲವಾದರೆ ಜಾರಿ ಕಿರುಚುತ್ತದೆ. ಅತಿ ಬಿಗಿಯಾದರೆ ಗಾಲಿಗಳ ಬೇರಿಂಗುಗಳು ಬೇಗ ಸವೆಯುತ್ತವೆ. ವೀಣೆಯ ತಂತಿಯ ಬಗ್ಗೆ ಬುದ್ಧ ತನ್ನ ಶಿಷ್ಯ ಸೋಣನಿಗೆ ಹೇಳಿದ ಮಾತು ನಿಮಗೆ ನೆನಪಾಗಬಹುದು. ತಂತಿ ಅತಿ ಬಿಗಿಯಾದರೂ ನಾದವಿಲ್ಲ, ಅತಿ ಸಡಿಲವಾದರೂ ನಾದವಿಲ್ಲ. ಆದರೆ ಕಾರಿನಲ್ಲಿ ಒಮ್ಮೆ ಶ್ರುತಿ ಮಾಡಿ ಬಿಟ್ಟರೆ ಸಾಲದು. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದರೂ ಸೆಕೆಂಡಿಗೆ ಸುಮಾರು 23 ಸಲ ಒಳಗೆ ಉರಿ ಹೊತ್ತುತ್ತದೆ. ಪ್ರತಿ ಸಲವೂ ಬೆಲ್ಟಿಗೆ ಒಂದು ಸಣ್ಣ ಎಳೆತ. ಎ.ಸಿ. ಹಾಕಿದ ಕೂಡಲೇ ಇನ್ನೊಂದು ದೊಡ್ಡ ಎಳೆತ. ವಯಸ್ಸಾದ ಹಾಗೆ ಬೆಲ್ಟ್ ತುಸು ಉದ್ದವೂ ಆಗುತ್ತದೆ. ಇದನ್ನೆಲ್ಲ ಪ್ರತಿ ಕ್ಷಣವೂ ಸರಿದೂಗಿಸುವುದು ಟೆನ್ಶನರ್. ಹೆಚ್ಚಿನ ಕಾರುಗಳಲ್ಲಿ ಅದು ಒಂದು ಸ್ಪ್ರಿಂಗ್, ಒಂದು ತೋಳು, ತೋಳಿನ ತುದಿಯಲ್ಲಿ ಒಂದು ಗಾಲಿ, ಮತ್ತು ತೋಳು ಅದುರದಂತೆ ಹಿಡಿಯುವ ಒಂದು ಡ್ಯಾಂಪರ್. ಬೆಲ್ಟ್ ತಳ್ಳಿದರೆ ತೋಳು ಹಿಂದೆ ಸರಿಯುತ್ತದೆ, ಬೆಲ್ಟ್ ಸಡಿಲಿಸಿದರೆ ಮುಂದೆ ಬರುತ್ತದೆ. ಕಣ್ಣಿಗೆ ಕಾಣುವಷ್ಟು ಅಲ್ಲಾಡಬಾರದು, ಅಲ್ಲಾಡದೆಯೂ ಇರಬಾರದು.

ಇದು ಸವೆಯುವ ಬಗೆ ಮೂರು. ಸ್ಪ್ರಿಂಗ್ ಸೋಲುತ್ತದೆ, ಆಗ ಬೆಲ್ಟ್ ಜಾರಿ ಕೀಚುಸದ್ದು. ಗಾಲಿಯ ಬೇರಿಂಗ್ ಒಣಗುತ್ತದೆ. ಆಗ ಬೀಸುವ ಕಲ್ಲಿನಂಥ ಗುರ್ ಸದ್ದು. ಇಲ್ಲವೇ ಡ್ಯಾಂಪರ್ ಸವೆಯುತ್ತದೆ. ಆಗ ಎಂಜಿನ್ ಓಡುವಾಗ ತೋಳು ಗಡಗಡ ನಡುಗುತ್ತದೆ. ಮೂರನ್ನೂ ಹಾಗೆಯೇ ಬಿಟ್ಟರೆ ಒಂದು ದಿನ ಬೆಲ್ಟ್ ಕಳಚಿಕೊಳ್ಳಬಹುದು ಅಥವಾ ತುಂಡಾಗಬಹುದು. ಆಗ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ. ಬೆಲ್ಟಿನಿಂದ ಓಡುವ ಪವರ್ ಸ್ಟೀರಿಂಗ್ ಇದ್ದರೆ ಸ್ಟೀರಿಂಗ್ ತಟ್ಟನೆ ಕಲ್ಲಿನ ಹಾಗೆ ಭಾರವಾಗುತ್ತದೆ. ವಾಟರ್ ಪಂಪ್ ನಿಂತರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು, ಗಾಡಿ ನಿಲ್ಲಿಸದೇ ಹೋದರೆ ಹೆಡ್ ಗ್ಯಾಸ್ಕೆಟ್ ತನಕ ಕೆಟ್ಟುಹೋಗುತ್ತದೆ. ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಇದು ನಡೆದರೆ ಮಾತು ಹಣಕ್ಕೆ ಮುಗಿಯುವುದಿಲ್ಲ.

ನಮ್ಮ ಮನೆಯ ವಾದ

ನಮ್ಮ ಕಾರು 2007ರ ಮಾದರಿಯ ಸೆಡಾನ್, ಓಡಿದ್ದು 1,62,000 ಮೈಲಿ. ದೊಡ್ಡ ಗಾಡಿ ಬಂದ ಮೇಲೆ ಇದನ್ನು ಕೊಟ್ಟುಬಿಡೋಣ ಎಂದುಕೊಂಡೆವು. ಅಷ್ಟರಲ್ಲಿ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು ಶುರುವಾಯಿತು. ಬಾನೆಟ್ ಎತ್ತಿ ನೋಡಿದರೆ ಟೆನ್ಶನರಿನ ತೋಳು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಎಂಜಿನ್ ಬಿಸಿಯಾಗಿ ಹತ್ತು ನಿಮಿಷ ಕಳೆದರೆ ಸದ್ದು ಅಡಗಿಹೋಗುತ್ತಿತ್ತು.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಧರ್ಮಸಂಕಟ ಇರುವುದು ಅಲ್ಲೇ. ಕೊಳ್ಳುವವರು ಬರುವ ಮುಂಚೆ ಕಾಸ್ಟ್‌ಕೋ ತನಕ ಒಂದು ಸುತ್ತು ಹೋಗಿ ಬಂದರೆ ಸಾಕು, ಸದ್ದೇ ಇಲ್ಲ. ಯಾರೂ ಒಂದು ಸುಳ್ಳು ಮಾತನ್ನೂ ಆಡಬೇಕಾಗಿಲ್ಲ. ಹಿತೈಷಿಯೊಬ್ಬರು ನಗುತ್ತಾ ಇನ್ನೂ ಒಂದು ಉಪಾಯ ಹೇಳಿದರು: ಅಂಗಡಿಯಲ್ಲಿ ಬೆಲ್ಟ್ ಡ್ರೆಸ್ಸಿಂಗ್ ಎಂಬ ಸ್ಪ್ರೇ ಸಿಗುತ್ತದೆ, ಬೆಲ್ಟ್ ಕಿರುಚಿದರೆ ಅದನ್ನು ಹೊಡೆಯಿರಿ, ಕೆಲವು ದಿನ ಬಾಯಿ ಮುಚ್ಚಿಕೊಂಡಿರುತ್ತದೆ. ರೋಗ ಹಾಗೆಯೇ ಇರುತ್ತದೆ, ಕೆಮ್ಮು ಮಾತ್ರ ನಿಲ್ಲುತ್ತದೆ!

ನಮ್ಮಿಬ್ಬರಲ್ಲಿ ಒಬ್ಬರ ವಾದ ಹೀಗಿತ್ತು: "ಹಳೇ ಕಾರು ಅಂದಮೇಲೆ ಏನಾದರೂ ಇದ್ದೇ ಇರುತ್ತೆ. ಬೆಲೆಯೂ ಅದಕ್ಕೆ ತಕ್ಕ ಹಾಗೆ ಕಡಿಮೆ ಇಟ್ಟಿದ್ದೀವಿ. ಕೇಳಿದರೆ ಹೇಳೋಣ." ಇನ್ನೊಬ್ಬರದು: "ಕೇಳೋಕೆ ಅವರಿಗೆ ಗೊತ್ತಿರಬೇಕಲ್ಲ? ಟೆನ್ಶನರ್ ಅನ್ನೋ ವಸ್ತು ಇದೆ ಅಂತಲೇ ನಮಗೆ ಹೋದ ವಾರ ಗೊತ್ತಾಯಿತು." ಎರಡೂ ತಳ್ಳಿಹಾಕುವ ಮಾತಲ್ಲ. ಹಾಗಾಗಿ ಊಟದ ಮೇಜಿನ ಮೇಲೆ ಈ ವಾದ ಸುಮಾರು ದಿನ ನಡೆಯಿತು.

ಕಾನೂನು ಏನು ಹೇಳುತ್ತದೆ?

ಎಂಜಿನಿಯರುಗಳ ಮನೆ, ಮೊದಲು ನಿಯಮ ಪುಸ್ತಕ ನೋಡುವುದು ಸಹಜ. 1985ರಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರದ ಯೂಸ್ಡ್ ಕಾರ್ ರೂಲ್ ಪ್ರಕಾರ ಹಳೆಯ ಕಾರು ಮಾರುವ ಡೀಲರ್ ಗಾಜಿನ ಮೇಲೆ ಬಯರ್ಸ್ ಗೈಡ್ ಎಂಬ ಚೀಟಿ ಅಂಟಿಸಬೇಕು. ವಾರಂಟಿ ಇದೆಯೋ, ಅಥವಾ 'ಆ್ಯಸ್ ಈಸ್', ಅಂದರೆ ಇದ್ದದ್ದು ಇದ್ದ ಹಾಗೆ ಮಾರಾಟವೋ ಎಂದು ಅದರಲ್ಲಿ ಬರೆದಿರಬೇಕು. ಮನೆಯವರು ತಮ್ಮ ಒಂದು ಕಾರನ್ನು ಮಾರಿದರೆ ಈ ನಿಯಮ ಅನ್ವಯಿಸುವುದಿಲ್ಲ. ಅಂಥ ಮಾರಾಟ ಸಾಮಾನ್ಯವಾಗಿ ಇದ್ದ ಹಾಗೆಯೇ. ಆದರೆ ಎಲ್ಲ ರಾಜ್ಯಗಳೂ ಅಲ್ಲಿಗೇ ನಿಲ್ಲುವುದಿಲ್ಲ. ಮಸಾಚುಸೆಟ್ಸ್ ರಾಜ್ಯದಲ್ಲಿ ಮನೆಯವರು ಮಾರುವಾಗಲೂ, ಸುರಕ್ಷತೆಗೆ ಅಥವಾ ಬಳಕೆಗೆ ದೊಡ್ಡ ಧಕ್ಕೆ ತರುವ ದೋಷ ಗೊತ್ತಿದ್ದರೆ ಹೇಳಲೇಬೇಕು. ಗಡಿ ದಾಟಿದರೆ ಕಾನೂನು ಬದಲಾಗುತ್ತದೆ. ಟೆನ್ಶನರ್ ಮಾತ್ರ ಎರಡೂ ಕಡೆ ಒಂದೇ ರೀತಿ ನಡುಗುತ್ತದೆ! ಧರ್ಮವೂ ಹಾಗೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗಲಾರದು ಎಂದು ನಮಗೆ ಅನ್ನಿಸಿತು.

ನಿಂಬೆಹಣ್ಣಿನ ಅರ್ಥಶಾಸ್ತ್ರ

ನಾವು ಹೊಸ ಕಾರು ತಂದರೆ ದೇವಸ್ಥಾನಕ್ಕೆ ಒಯ್ದು, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಅಮೆರಿಕನ್ನರ ಆಡುಮಾತಿನಲ್ಲಿ ನಿಂಬೆಹಣ್ಣು ಎಂದರೆ ಒಳಗೆ ದೋಷ ಇಟ್ಟುಕೊಂಡ ಕಾರು. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದೇ ನಿಂಬೆಹಣ್ಣಿನ ಹೆಸರಿನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕೆ ಮುಂಚೆ ಅದನ್ನು ಮೂರು ಪತ್ರಿಕೆಗಳು ಬೇಡವೆಂದಿದ್ದವು. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂದಾಗ ಈ ಪ್ರಬಂಧದ ಹೆಸರೇ ಮುಂದಿತ್ತು.

ಅವರ ತರ್ಕ ಸರಳ. ಹಳೆಯ ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರನ್ನೂ ಅನುಮಾನದಿಂದ ನೋಡಿ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಇದ್ದವನು ಮಾರಲು ಒಪ್ಪುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ, ಅನುಮಾನ ಇನ್ನೂ ಹೆಚ್ಚುತ್ತದೆ. ಅಕರ್ಲಾಫ್ 1967-68ರಲ್ಲಿ ದೆಹಲಿಯಲ್ಲಿ ಇದ್ದವರು. ಹಳ್ಳಿಯ ಸಾಲದ ವ್ಯವಹಾರದ ಉದಾಹರಣೆಯೂ, ಅಂಗಡಿಯ ಅಕ್ಕಿಯಿಂದ ಬೇಕೆಂದೇ ಬೆರೆಸಿದ ಕಲ್ಲನ್ನು ಹೆಂಗಸರು ಆರಿಸುವ ಉದಾಹರಣೆಯೂ ಆ ಪ್ರಬಂಧದಲ್ಲಿವೆ. ನಮ್ಮ ಅಜ್ಜಿ ಜಗಲಿಯ ಮೇಲೆ ಮೊರ ಹಿಡಿದು ಕುಳಿತು ಆರಿಸಿದ್ದು ಕಲ್ಲು ಮಾತ್ರ ಅಲ್ಲ, ಯಾರದೋ ಅಪ್ರಾಮಾಣಿಕತೆಯನ್ನು. ಒಬ್ಬ ವ್ಯಾಪಾರಿ ಹೇಳದೆ ಬಿಟ್ಟದ್ದಕ್ಕೆ ಇಡೀ ಊರಿನ ಹೆಂಗಸರು ದಿನಕ್ಕೆ ಅರ್ಧ ಗಂಟೆ ದಂಡ ತೆತ್ತ ಹಾಗಾಯಿತು.

ಅಂದರೆ ಸುಮ್ಮನಿರುವುದರ ಬೆಲೆಯನ್ನು ಕೊಂಡವನೊಬ್ಬನೇ ಕೊಡುವುದಿಲ್ಲ. ಪ್ರಸಾದದ ಸಾಲಿನಲ್ಲಿ ನಡೆಯುವ ವ್ಯಾಪಾರ ಇವತ್ತಿಗೂ ನಡೆಯುತ್ತಿದ್ದರೆ ಅದು ಹಿಂದೆ ಯಾರೋ ನೆಟ್ಟಗೆ ನಡೆದುಕೊಂಡ ಪುಣ್ಯ. ಒಂದೆರಡು ಕಾರು ಹೆದ್ದಾರಿಯಲ್ಲಿ ನಿಂತರೆ ಆ ನಂಬಿಕೆ ಮುಗಿಯಿತು. ಮುಂದೆ ಬರುವ ಹುಡುಗರು ನಮ್ಮವರನ್ನೂ ಮೊರ ಹಿಡಿದು ಆರಿಸಬೇಕಾಗುತ್ತದೆ.

ಹಿರಿಯರ ವಾದಗಳು

ಇದು ನಿನ್ನೆ ಮೊನ್ನೆಯ ಪ್ರಶ್ನೆಯಲ್ಲ. ರೋಮ್‌ನ ಸಿಸೆರೊ ಕ್ರಿ.ಪೂ. 44ರಲ್ಲಿ ಅಥೆನ್ಸ್‌ನಲ್ಲಿ ಓದುತ್ತಿದ್ದ ತನ್ನ ಮಗನಿಗೆ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಪರದೇಶದಲ್ಲಿ ಓದುವ ಮಗನಿಗೆ ಅಪ್ಪ ಬರೆದ ದೊಡ್ಡ ಕಾಗದ ಎಂದರೂ ಸರಿ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಒಬ್ಬ ವ್ಯಾಪಾರಿ ಅಲೆಕ್ಸಾಂಡ್ರಿಯಾದಿಂದ ಹಡಗು ತುಂಬಾ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನೂ ಹಲವು ಧಾನ್ಯದ ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಅವನು ಹೇಳಬೇಕೇ, ಅಥವಾ ಸುಮ್ಮನಿದ್ದು ಒಳ್ಳೆಯ ಬೆಲೆಗೆ ಮಾರಬಹುದೇ? ಇನ್ನೊಂದು ಪ್ರಸಂಗದಲ್ಲಿ ಒಬ್ಬ ತನ್ನ ಮನೆ ಮಾರುತ್ತಾನೆ. ಒಳಗೆ ಮರ ಕೆಟ್ಟಿದೆ, ಕೋಣೆಗಳಲ್ಲಿ ಹುಳಹುಪ್ಪಟೆ ಇದೆ, ಇದು ಮಾಲೀಕನಿಗೆ ಮಾತ್ರ ಗೊತ್ತು.

ಈ ಬಗ್ಗೆ ಇಬ್ಬರು ತತ್ತ್ವಜ್ಞಾನಿಗಳ ವಾದವನ್ನು ಸಿಸೆರೊ ಮುಂದಿಡುತ್ತಾನೆ. ಗುರು ಡಯೋಜೆನೀಸ್ ಹೇಳುವುದು: ಕಾನೂನು ಕೇಳುವಷ್ಟು ದೋಷವನ್ನು ಹೇಳಿದರೆ ಸಾಕು, ಸುಮ್ಮನಿರುವುದು ಬೇರೆ, ಮುಚ್ಚಿಡುವುದು ಬೇರೆ. ಶಿಷ್ಯ ಆಂಟಿಪೇಟರ್ ಹೇಳುವುದು: ಮನುಷ್ಯರೆಲ್ಲ ಒಂದೇ ಸಮಾಜದವರು, ನಿನಗೆ ಗೊತ್ತಿರುವುದು ಅವನಿಗೂ ಗೊತ್ತಾಗಬೇಕು. ನಮ್ಮ ಊಟದ ಮೇಜಿನ ಎರಡು ಪಕ್ಷಗಳೇ! ಸಿಸೆರೊ ಕೊನೆಗೆ ಶಿಷ್ಯನ ಕಡೆಗೆ ನಿಲ್ಲುತ್ತಾನೆ. ನಿನ್ನ ಲಾಭಕ್ಕಾಗಿ, ಇನ್ನೊಬ್ಬನಿಗೆ ತಿಳಿಯಬೇಕಾದದ್ದು ತಿಳಿಯದಿರಲಿ ಎಂದು ಬಯಸಿ ಸುಮ್ಮನಿದ್ದರೆ ಅದೇ ಮುಚ್ಚಿಡುವುದು ಎಂಬುದು ಅವನ ತೀರ್ಮಾನದ ಸಾರ.

ನಮ್ಮಲ್ಲೂ ಈ ವಾದಕ್ಕೆ ಕಥೆ ಇದೆ. ಅಶ್ವತ್ಥಾಮ ಸತ್ತನೇ ಎಂದು ದ್ರೋಣರು ಧರ್ಮರಾಯನನ್ನೇ ಕೇಳಿದರು, ಅವನು ಸುಳ್ಳಾಡುವುದಿಲ್ಲ ಎಂಬ ನಂಬಿಕೆಯಿಂದ. ಭೀಮ ಅದೇ ಹೆಸರಿನ ಆನೆಯನ್ನು ಕೊಂದಿದ್ದ. ಧರ್ಮರಾಯ ಹೌದೆಂದು ಜೋರಾಗಿ ಹೇಳಿ, ಆನೆ ಎಂಬುದನ್ನು ಕೇಳಿಸದಂತೆ ಮೆಲ್ಲಗೆ ಹೇಳಿದ. ಅಕ್ಷರ ಅಕ್ಷರ ನೋಡಿದರೆ ಸುಳ್ಳಿಲ್ಲ. ಆದರೂ ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣ ನೆಲಕ್ಕೆ ಮುಟ್ಟಿತು ಎನ್ನುತ್ತದೆ ಮಹಾಭಾರತ. ಈ ಕಥೆಯನ್ನು ನಾವು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇವೆ. ಕಾರನ್ನು ಬಿಸಿ ಮಾಡಿಟ್ಟು ತೋರಿಸುವುದೂ ಆನೆ ಎಂಬ ಮಾತನ್ನು ಮೆಲ್ಲಗೆ ಹೇಳುವುದೇ ಅಲ್ಲವೇ? ವಾಕ್ಯದಲ್ಲಿ ಸುಳ್ಳಿಲ್ಲದಿದ್ದರೂ ಕೇಳುವವನ ಮನಸ್ಸಿನಲ್ಲಿ ಬೇಕೆಂದೇ ಒಂದು ಸುಳ್ಳನ್ನು ಕೂರಿಸುತ್ತೇವೆ. ಸತ್ಯವನ್ನು ಅಳೆಯಬೇಕಾದದ್ದು ನಮ್ಮ ಬಾಯಿಯ ಹತ್ತಿರ ಅಲ್ಲ, ಅವನ ಕಿವಿಯ ಹತ್ತಿರ.

ಶಾಂತಿಪರ್ವದಲ್ಲಿ ಇನ್ನೊಂದು ಕಥೆ ಇದೆ, ಇದು ಅಷ್ಟು ಪ್ರಸಿದ್ಧವಲ್ಲ. ಜಾಜಲಿ ಎಂಬ ತಪಸ್ವಿ ಅಲ್ಲಾಡದೆ ನಿಂತು ತಪಸ್ಸು ಮಾಡುತ್ತಿದ್ದಾಗ ಹಕ್ಕಿಗಳು ಅವನ ಜಡೆಯಲ್ಲೇ ಗೂಡು ಕಟ್ಟಿ ಮರಿ ಮಾಡಿದವು. ತನ್ನಂಥ ಧರ್ಮಾತ್ಮ ಇನ್ನಿಲ್ಲ ಎಂದು ಅವನಿಗೆ ಅನ್ನಿಸಿತು. ಆಗ ಒಂದು ವಾಣಿ, ನೀನು ವಾರಾಣಸಿಯ ತುಲಾಧಾರನಿಗೆ ಸಮನಲ್ಲ ಎಂದಿತು. ಹೋಗಿ ನೋಡಿದರೆ ತುಲಾಧಾರ ಋಷಿಯಲ್ಲ, ಅಂಗಡಿ ಇಟ್ಟುಕೊಂಡ ವ್ಯಾಪಾರಿ! ಅವನ ಸಾಧನೆ ಒಂದೇ: ಮೋಸವಿಲ್ಲದ ವ್ಯಾಪಾರ, ಎಲ್ಲರಿಗೂ ಸಮನಾಗಿ ತೂಗುವ ತಕ್ಕಡಿ. ಕಾಡಿನ ತಪಸ್ಸಿಗಿಂತ ಅಂಗಡಿಯ ತಕ್ಕಡಿ ದೊಡ್ಡದೆಂದು ಹೇಳುವ ಧೈರ್ಯ ನಮ್ಮ ಗ್ರಂಥಕ್ಕೆ ಇದೆ. ಸಂತೆಯಲ್ಲೇ ದಿನ ಕಳೆಯುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ?

ಇನ್ನೊಂದು ಪಕ್ಷಕ್ಕೂ ನ್ಯಾಯ

ಹಾಗೆಂದು ಎದುರು ವಾದವನ್ನು ಸುಮ್ಮನೆ ತಳ್ಳಿಬಿಡುವ ಹಾಗಿಲ್ಲ. ಮೊದಲನೆಯದು, ಎಲ್ಲವನ್ನೂ ಹೇಳುವುದು ಎಂದರೆ ಎಷ್ಟು? ಹದಿನೈದು ವರ್ಷ ದಾಟಿದ ಕಾರಿನಲ್ಲಿ ಸವೆಯದ ಭಾಗವೇ ಇಲ್ಲ. ಎರಡನೆಯದು, ನಮಗೇ ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು? ನಾವು ಮೆಕ್ಯಾನಿಕ್ ಅಲ್ಲ. ಸದ್ದು ಟೆನ್ಶನರಿನದೇ ಎಂದು ಖಚಿತವಾಗುವ ತನಕ ಅದೊಂದು ಊಹೆ. ಮೂರನೆಯದು, ಹೇಳಿದವನಿಗೆ ನಷ್ಟ, ಹೇಳದವನಿಗೆ ಲಾಭ.

ಈ ಮೂರನೆಯದು ಬರೀ ತರ್ಕವಲ್ಲ, ನಮ್ಮ ಅನುಭವ. ಜಾಹೀರಾತು ನೋಡಿ ಮೊದಲು ಬಂದವರು ನಮಗೆ ಪರಿಚಯವಿಲ್ಲದ ಒಂದು ಕುಟುಂಬ, ಕನ್ನಡದವರಲ್ಲ, ಭಾರತದವರೂ ಅಲ್ಲ. ಟೆನ್ಶನರ್, ತಣ್ಣಗೆ ಮಾಡಲು ಹೊತ್ತು ಹಿಡಿಯುವ ಎ.ಸಿ., ಸವೆದ ಹಿಂದಿನ ಟೈರು ಎಲ್ಲವನ್ನೂ ಹೇಳಿದೆವು. ಅವರು ನಮಸ್ಕರಿಸಿ ಹೋದರು. ಆಮೇಲೆ ಅವರು ಬೇರೆ ಕಡೆ ಅದೇ ವಯಸ್ಸಿನ ಕಾರು ಕೊಂಡ ಸುದ್ದಿ ಬಂತು. ಆ ಮಾರಿದವರು "ಏನೂ ತೊಂದರೆ ಇಲ್ಲ" ಎಂದಿದ್ದರಂತೆ. ಅಕರ್ಲಾಫ್ ಹೇಳಿದ್ದು ನಮ್ಮ ಡ್ರೈವ್‌ವೇಯಲ್ಲೇ ನಡೆಯಿತು. ಆ ದಿನ ಮನೆಯಲ್ಲಿ ಮೊದಲ ಪಕ್ಷದವರ ಮುಖ ಸ್ವಲ್ಪ ಅರಳಿತ್ತು ಎಂದು ಹೇಳದೇ ಇರಲಾರೆವು.

ಆದರೆ ತುಲಾಧಾರನ ತಕ್ಕಡಿ ನಮ್ಮವರಿಗೆ ಒಂದು ತೂಕ, ಹೊರಗಿನವರಿಗೆ ಇನ್ನೊಂದು ತೂಕ ಎನ್ನುವುದಿಲ್ಲ. ದೇವಸ್ಥಾನದ ಪರಿಚಯದವರಿಗೆ ಎಲ್ಲ ಹೇಳಿ, ಜಾಹೀರಾತು ನೋಡಿ ಬಂದವರಿಗೆ ಬಿಸಿ ಕಾರು ತೋರಿಸಿದರೆ ಅದು ಧರ್ಮವಲ್ಲ, ಬರೀ ನೆಂಟಸ್ತಿಕೆ. ನಷ್ಟವಾದರೂ ಅದೇ ಮಾತು ಹೇಳಬೇಕು. ಲಾಭ ಇದ್ದಾಗ ಮಾತ್ರ ಪಾಲಿಸುವುದಾದರೆ ಅದಕ್ಕೆ ಸತ್ಯ ಎಂಬ ಬೇರೆ ಹೆಸರೇ ಬೇಕಿರಲಿಲ್ಲ, ಜಾಣತನ ಎಂದರೆ ಸಾಕಿತ್ತು.

ಹೇಳಿದರೆ ಹೊಣೆ ಮುಗಿಯಿತೇ?

ಎರಡನೆಯದಾಗಿ ಬಂದದ್ದು ದಾವಣಗೆರೆ ಕಡೆಯ ಹುಡುಗ, ಎಂ.ಎಸ್. ಓದಲು ಬಂದು ಆರು ತಿಂಗಳಾಗಿತ್ತು. ನಾವು ಅದೇ ಪಟ್ಟಿ ಓದಿದೆವು. "ಸರಿ ಅಣ್ಣ, ಪರವಾಗಿಲ್ಲ ಅಕ್ಕ" ಎಂದು ಎಲ್ಲದಕ್ಕೂ ತಲೆ ಆಡಿಸಿದ. ಆಗ ನಮಗೆ ಹೊಳೆದದ್ದು ಈ ಪ್ರಶ್ನೆಯ ಇನ್ನೊಂದು ಮುಖ. ಅಷ್ಟು ದಿನ ನಾವು ಹೇಳಬೇಕೋ ಬೇಡವೋ ಎಂದು ಜಗಳವಾಡಿದ್ದೆವು. ಹೇಳಿದ ಮೇಲೂ ಅವನಿಗೆ ಏನೂ ತಿಳಿದಿರಲಿಲ್ಲ!

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ದಿನನಿತ್ಯ ನಡೆಯುವುದೇ. ಹೊಸ ರಿಲೀಸ್ ಜೊತೆ ಗೊತ್ತಿರುವ ದೋಷಗಳ ಪಟ್ಟಿ ಕೊಡುತ್ತೇವೆ. ಪಟ್ಟಿ ಪ್ರಾಮಾಣಿಕವಾಗಿಯೇ ಇರುತ್ತದೆ. ಆದರೆ ಅದನ್ನು ಓದಿ ತನ್ನ ಕೆಲಸಕ್ಕೆ ಎಷ್ಟು ಪೆಟ್ಟು ಎಂದು ತೂಗಬಲ್ಲವರು ಎಷ್ಟು ಜನ? ಲೈಸೆನ್ಸ್ ಕರಾರಿಗೆ ಎಲ್ಲರೂ 'ಒಪ್ಪಿದೆ' ಎಂದು ಒತ್ತುತ್ತಾರೆ, ಓದುವವರು ಯಾರು? ಹೀಗೆ ಹೇಳುವುದು ಎಷ್ಟೋ ಸಲ ತಿಳಿಸುವುದಕ್ಕಲ್ಲ, ಕೈ ತೊಳೆದುಕೊಳ್ಳುವುದಕ್ಕೆ. ಭಾರ ನಮ್ಮ ತಲೆಯಿಂದ ಇಳಿದು ಅವನ ತಲೆಗೆ ಹೋಯಿತು, ಅಷ್ಟೇ. ಅದೂ ಯಾರ ತಲೆಗೆ? ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿ ಇರುವವನ ತಲೆಗೆ: ಕ್ಯಾಂಪಸ್ ಕೆಲಸದಿಂದ ಬಂದು ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಒಬ್ಬನೇ ಮನೆಗೆ ಹೋಗುವ, ಬ್ಯಾಂಕಿನಲ್ಲಿ ಮುಂದಿನ ತಿಂಗಳ ಬಾಡಿಗೆಯಷ್ಟೇ ಇರುವ ಹುಡುಗನ ತಲೆಗೆ.

ಅದಕ್ಕೇ ನಮ್ಮ ಎರಡೂ ಪಕ್ಷಗಳು ಕೊನೆಗೆ ಒಂದು ಮಾತಿಗೆ ಬಂದೆವು. ಜೀವಕ್ಕೆ ಸಂಬಂಧಿಸಿದ್ದನ್ನು ಹೇಳಿ ಬಿಡುವುದಲ್ಲ, ರಿಪೇರಿ ಮಾಡಿಸಿ ಕೊಡಬೇಕು, ಇಲ್ಲವೇ ಓಡಿಸುವ ಕಾರೆಂದು ಮಾರಲೇಬಾರದು. ಹಣಕ್ಕೆ ಸಂಬಂಧಿಸಿದ್ದನ್ನು ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕು: ಏನು ಕೆಟ್ಟಿದೆ, ಬಿಟ್ಟರೆ ಏನಾಗುತ್ತದೆ, ಸರಿಪಡಿಸಲು ಸುಮಾರು ಎಷ್ಟಾಗುತ್ತದೆ. ಊಹೆಯನ್ನು ಊಹೆ ಎಂದೇ ಹೇಳಬೇಕು. ಅದನ್ನು ಖಚಿತ ಎಂದು ಹೆದರಿಸಬಾರದು, ಊಹೆ ತಾನೇ ಎಂದು ನುಂಗಲೂಬಾರದು.

ಹಾಗಾಗಿ ಒಂದು ಶನಿವಾರ ಟೆನ್ಶನರ್ ಬದಲಾಯಿಸುವ ಕೆಲಸಕ್ಕೆ ಕೈ ಹಾಕಿದೆವು. ಹುಡುಗನನ್ನೂ ಕರೆದೆವು, ಬೇಕೆಂದೇ. ತಣ್ಣಗಿದ್ದ ಎಂಜಿನ್ನಿನ ಬ್ಯಾಟರಿ ಕಳಚಿ, ಬೆಲ್ಟ್ ಯಾವ ಗಾಲಿಯ ಮೇಲೆ, ಯಾವ ಗಾಲಿಯ ಕೆಳಗೆ ಹೋಗುತ್ತದೆ ಎಂದು ಅವನಿಂದಲೇ ಚಿತ್ರ ಬರೆಸಿದೆವು. ಉದ್ದ ಹಿಡಿಯ ಸ್ಪ್ಯಾನರಿನಿಂದ ತೋಳನ್ನು ಹಿಂದಕ್ಕೆ ತಳ್ಳಿ, ಬೆಲ್ಟ್ ಕಳಚಿ, ತೋಳನ್ನು ಮೆಲ್ಲಗೆ ಬಿಟ್ಟೆವು. ತಟ್ಟನೆ ಬಿಟ್ಟರೆ ಬೆರಳು ಮುರಿಯುವಷ್ಟು ಬಲ ಆ ಸ್ಪ್ರಿಂಗಿಗೆ ಇದೆ. ಹಳೆಯ ಗಾಲಿಯನ್ನು ಕೈಯಿಂದ ತಿರುಗಿಸಿದಾಗ ಮರಳು ಅರೆದ ಹಾಗೆ ಸದ್ದು. ತೋಳಿನ ಬುಡ ಅತ್ತಿತ್ತ ಆಡುತ್ತಿತ್ತು. ಊಹೆ ಅಲ್ಲಿಗೆ ಖಚಿತವಾಯಿತು. ಬೆಲ್ಟ್ ನೋಡಲು ಚೆನ್ನಾಗಿಯೇ ಇತ್ತು. ಈಗಿನ ಇ.ಪಿ.ಡಿ.ಎಂ. ರಬ್ಬರಿನ ಬೆಲ್ಟುಗಳು ಹಳೆಯವುಗಳ ಹಾಗೆ ಬೇಗ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಒಳಗೊಳಗೇ ಸವೆಯುತ್ತವೆ. ಅದಕ್ಕೇ ಒಂದು ಪ್ಲಾಸ್ಟಿಕ್ ಅಳತೆಪಟ್ಟಿಯಿಂದ ಅದರ ಗಾಡಿಗಳ ಆಳ ನೋಡಿ ಅದನ್ನೂ ಬದಲಾಯಿಸಿದೆವು. ಹೊಸ ಟೆನ್ಶನರಿನ ಬೋಲ್ಟುಗಳನ್ನು ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ, ಬೆಲ್ಟ್ ಪ್ರತಿ ಗಾಲಿಯ ಗೆರೆಯಲ್ಲಿ ಸರಿಯಾಗಿ ಕೂತಿದೆಯೇ ಎಂದು ಇಬ್ಬರು ನೋಡಿದ ಮೇಲೆ ಸ್ಟಾರ್ಟ್ ಮಾಡಿದೆವು. ತೋಳು ನಿಶ್ಚಿಂತೆಯಾಗಿ ನಿಂತಿತು.

ಎರಡೂ ಸೇರಿ ಭಾಗಗಳಿಗೆ 130 ಡಾಲರ್ ಆಗಿತ್ತು. ಅದನ್ನು ಬೆಲೆಗೆ ಸೇರಿಸಬೇಕೇ ಎಂಬ ಪ್ರಶ್ನೆ ಬಂತು. ಓಡಿಸುವ ಕಾರು ಎಂದು ಬೆಲೆ ಹೇಳಿದ ಮೇಲೆ ಓಡಿಸುವ ಹಾಗೆ ಮಾಡಿಕೊಡುವುದು ಆ ಬೆಲೆಯೊಳಗಿನ ಮಾತೇ ಎಂದು ಸೇರಿಸಲಿಲ್ಲ. ಉಳಿದ ದೋಷಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ರಸೀದಿಗಳ ಜೊತೆ ಕೊಟ್ಟೆವು. ಹಾಳೆಯನ್ನು ಎರಡು ಸಲ ಓದಿದ ಹುಡುಗ, "ಅಕ್ಕ, ಹಾಗಾದರೆ ಹಿಂದಿನ ಟೈರಿಗೆ 200 ಡಾಲರ್ ಕಡಿಮೆ ಮಾಡ್ತೀರಾ?" ಎಂದ. ಮಾಡಿದೆವು. ಅಂದು ನಿಜವಾಗಿ ಅವನಿಗೆ ತಿಳಿಸಿದ ಹಾಗಾಯಿತು ಎಂದು ನಮಗೆ ಅನ್ನಿಸಿತು. ಚೌಕಾಶಿ ಮಾಡುವಷ್ಟು ತಿಳಿದಾಗಲೇ ಕೊಳ್ಳುವವನಿಗೆ ತಿಳಿದಂತೆ!

ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿತೆಂದು ನಾವು ಹೇಳುವುದಿಲ್ಲ. ರಿಪೇರಿಗೆ ಹಣವೇ ಇಲ್ಲದವನು ತನ್ನ ಒಂದೇ ಕಾರನ್ನು ಮಾರಿ ಊರಿಗೆ ಹೋಗಬೇಕಾಗಿ ಬಂದರೆ ಅವನೇನು ಮಾಡಬೇಕು? ಅವನಿಗೆ ನಮ್ಮ ನಿಯಮ ಹೇಳಲು ನಮಗೆ ಬಾಯಿ ಬರುವುದಿಲ್ಲ. ಕನಿಷ್ಠ ತಣ್ಣಗಿರುವ ಕಾರನ್ನು ತೋರಿಸಲಿ ಎಂದಷ್ಟೇ ಹೇಳಬಹುದು.

ಈ ಸಲ ನವರಾತ್ರಿಯಲ್ಲಿ ಆಯುಧಪೂಜೆಗೆ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಊರಿನಲ್ಲಿ ನಮ್ಮ ಹಿರಿಯರು ಪೂಜೆಗೆ ಮುಂಚೆ ನೇಗಿಲು, ಕುಡುಗೋಲುಗಳನ್ನು ತೊಳೆದು, ಹಿಡಿ ಸಡಿಲವಾಗಿದೆಯೇ ಎಂದು ನೋಡಿ ಆಮೇಲೆ ಕುಂಕುಮ ಇಡುತ್ತಿದ್ದರು. ನಾವೂ ಹೂವಿನ ಹಾರ ಹಾಕುವ ಮುಂಚೆ, ಮನೆಯಲ್ಲೇ, ಬೆಳಗಿನ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಕೈ, ಸೆರಗು, ದುಪಟ್ಟಾಗಳನ್ನು ದೂರ ಇಟ್ಟು ಒಂದು ನಿಮಿಷ ಬಾನೆಟ್ ಎತ್ತಿ ನೋಡೋಣ. ತೋಳು ನಡುಗುತ್ತಿದೆಯೇ? ಇಂದಲ್ಲ ನಾಳೆ ಆ ಕಾರು ಇನ್ನೊಬ್ಬರ ಮಗ ಓಡಿಸುವ ಕಾರು. ಏನಂತೀರಿ?